ಕಾಡಿನ ಹೊಗೆಯೂ ನಾಡಿನ ಮಳೆಯೂ

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನಿಗೆ ಉಪಾಧ್ಯಾಯರು ಮೊಟ್ಟಮೊದಲು ಹೇಳಿಕೊಡುವ ಅನುಮಾನವು ಹೊಗೆಯನ್ನು ಕುರಿತದ್ದು. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತದೆ. ಹೊಗೆಯಿದ್ದ ಕಡೆ ಬೆಂಕಿಯಿರುವುದು ಅಡಿಗೆಮನೆಯಲ್ಲಿ ಎಲ್ಲರೂ ಕಂಡ ವಿಷಯ. ಆದಕಾರಣ ಆ ಬೆಟ್ಟದಲ್ಲಿಯೂ ಬೆಂಕಿಯಿದೆ. ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವ ಕ್ರಮವು ಇಷ್ಟರಿಂದ ವಿದ್ಯಾರ್ಥಿಗೆ ತಿಳಿಯುತ್ತದೆ. ಆದರೆ ಆ ಹೊಗೆಯು ಬೆಟ್ಟವನ್ನು ಬಿಟ್ಟು ಮೇಲೇರಿದ ತರುವಾಯ ಎಲ್ಲಿಗೆ ಹೋಯಿತು, ಹೋದ ಕಡೆಯಲ್ಲಿ ಏನು ಮಾಡಿತು ಎಂಬ ಪ್ರಶ್ನೆಗೆ ಆ ಪಾಠದಲ್ಲಿ ಎಡೆಯಿಲ್ಲ. ನಮಗಾದರೋ ಈಗ ಆ ಪ್ರಶ್ನೆಯ ಅಗತ್ಯ ಬಂದೊದಗಿದೆ. ಪ್ರತಿವರ್ಷವೂ ಮಾಘವು ಕಳೆದು ಫಾಲ್ಗುಣವು ಬರುವ ಹೊತ್ತಿಗೆ ಮೈಸೂರಿನ ದಕ್ಷಿಣಕ್ಕೂ ಪಶ್ಚಿಮಕ್ಕೂ ಇರುವ ಅರಣ್ಯಗಳಲ್ಲಿ ಎಲ್ಲಿಯಾದರೂ ಬೆಂಕಿ ಬಿದ್ದ ವಾರ್ತೆಯು ಪತ್ರಿಕೆಗಳಲ್ಲಿ ಬರುತ್ತದೆ. ಓದಿದವರೆಲ್ಲರೂ ಮೃಗಪಕ್ಷಿಗಳಿಗಾಗಿ ಮರುಗುತ್ತೇವೆ. ಬೆಂಕಿಯು ಆರಿತೆಂದು ಕೇಳಿದೊಡನೆಯೇ ಸಮಾಧಾನಗೊಳ್ಳುತ್ತೇವೆ. ಬೆಂಕಿ ಆರಿದರೂ ಹೊಗೆಯ ಕೆಲಸ ಮುಗಿಯುವುದಿಲ್ಲವೆಂಬುದನ್ನೂ, ಆ ಕೆಲಸಕ್ಕೂ ನಮ್ಮ ಬೇಸಗೆಯ ಮಳೆಗೂ ಏನು ಸಂಬಂಧವೆಂಬುದನ್ನೂ ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

೨೦೧೯ನೆಯ ಇಸವಿಯ ಫೆಬ್ರವರಿ ತಿಂಗಳಿನ ಬಂಡೀಪುರದ ಬೆಂಕಿಯನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. ಮೈಸೂರಿನಿಂದ ಸುಮಾರು ೮೦ ಕಿಲೋಮೀಟರು ದೂರದಲ್ಲಿರುವ ಈ ಕಾಡು, ೧೯೭೩ರಲ್ಲಿ ಹುಲಿಗಳ ಸಂರಕ್ಷಣೆಗಾಗಿ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಅರಣ್ಯಗಳಲ್ಲಿ ಒಂದು. ಆ ವರ್ಷ ಫೆಬ್ರವರಿ ೨೧ರ ಸುಮಾರಿಗೆ ಹೊತ್ತಿಕೊಂಡ ಬೆಂಕಿಯು ಗಾಳಿಯ ಬೆಂಬಲವನ್ನು ಪಡೆದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹುಲ್ಲುಗಾವಲುಗಳವರೆಗೂ ಹಬ್ಬಿತು. ಐದು ದಿವಸಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕ, ಅಂದರೆ ಹತ್ತು ಸಾವಿರ ಎಕರೆಗೆ ಕಡಮೆಯಿಲ್ಲದ ನೆಲವು ಸುಟ್ಟುಹೋಯಿತೆಂದು ಉಪಗ್ರಹಗಳಿಂದ ತೆಗೆದ ಚಿತ್ರಗಳನ್ನು ನೋಡಿ ಲೆಕ್ಕಹಾಕಿದರು. ಅರಣ್ಯ ಇಲಾಖೆಯ ನೌಕರರೂ, ಕಾಡಂಚಿನ ಗ್ರಾಮಸ್ಥರೂ, ನಗರಗಳಿಂದ ಹೋದ ಸ್ವಯಂಸೇವಕರೂ ಹಸಿಸೊಪ್ಪಿನ ಕೊಂಬೆಗಳಿಂದ ಬಡಿದು ಬೆಂಕಿಯೊಡನೆ ಹೋರಾಡಿದರು. ಕಡೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ದೊಡ್ಡ ತೊಟ್ಟಿಗಳಲ್ಲಿ ನೀರನ್ನು ಮೊಗೆದು ತಂದು ಸುರಿದವು. ಮಂಜು ಮುಸುಕುವ ಕಾರಣದಿಂದ ‘ಹಿಮವದ್’ ಎಂಬ ವಿಶೇಷಣವನ್ನು ಪಡೆದ ಬೆಟ್ಟವನ್ನು ಆ ದಿವಸಗಳಲ್ಲಿ ಹೊಗೆಯೇ ಮುಸುಕಿತ್ತು.

ಈ ಬೆಂಕಿಯ ಮೂಲವನ್ನು ಮೊದಲು ತಿಳಿಯತಕ್ಕದ್ದು. ಬಿದಿರುಮೆಳೆಗಳು ಒಂದಕ್ಕೊಂದು ಉಜ್ಜಿ ಕಾಡ್ಗಿಚ್ಚು ಹುಟ್ಟುತ್ತದೆಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಕಾವ್ಯಗಳಲ್ಲಿಯೂ ಈ ವರ್ಣನೆ ಉಂಟು. ಆದರೆ ನಮ್ಮ ಸೀಮೆಯ ಕಾಡುಗಳಲ್ಲಿ ಬೇಸಗೆಯ ಬೆಂಕಿಯು ಹೆಚ್ಚುಕಡಮೆ ಎಲ್ಲವೂ ಮನುಷ್ಯನ ಕೈಯಿಂದಲೇ ಬಂದದ್ದು. ಸಿಡಿಲಿನಿಂದಲೂ ಕಾಡು ಹತ್ತಿಕೊಳ್ಳಬಹುದಷ್ಟೆ. ಆದರೆ ನಮ್ಮಲ್ಲಿ ಸಿಡಿಲು ಸಾಧಾರಣವಾಗಿ ಮಳೆಯನ್ನು ಸಂಗಡ ಕರೆದುಕೊಂಡೇ ಬರುತ್ತದೆ, ಮತ್ತು ಫೆಬ್ರವರಿ ತಿಂಗಳಿನಲ್ಲಿ ಅದು ಬಹು ಅಪರೂಪ. ಬಂಡೀಪುರದ ಕಾಡು ಎಲೆ ಉದುರಿಸುವ ಜಾತಿಯದು. ಜನವರಿಯಿಂದಾಚೆಗೆ ತೇಗ, ಮತ್ತಿ, ದಿಂಡಿಗ ಮೊದಲಾದ ಮರಗಳು ಬರಿದಾಗಿ ನೆಲದ ಮೇಲೆ ತರಗು ದಪ್ಪವಾಗಿ ಬೀಳುತ್ತದೆ. ಅದರ ಮೇಲೆ ಲಂಟಾನದ ಪೊದೆಗಳು ಬೇರೆ. ಪರದೇಶದಿಂದ ಅಲಂಕಾರಕ್ಕೆಂದು ತಂದ ಈ ಗಿಡವು ತೋಟದ ಬೇಲಿಯನ್ನು ದಾಟಿ ಕಾಡನ್ನೇ ಆಕ್ರಮಿಸಿಕೊಂಡಿದೆ. ಅದು ಒಣಗಿ ನಿಂತಾಗ ನೆಲದ ಬೆಂಕಿಯು ಏಣಿಯನ್ನು ಹತ್ತಿದಂತೆ ಅದರ ಮೂಲಕ ಮರದ ಕೊಂಬೆಗಳನ್ನು ಹಿಡಿಯುತ್ತದೆ. ಇಂತಹ ಸ್ಥಳದಲ್ಲಿ ಒಂದು ಬೀಡಿಯ ತುಂಡು ಸಾಕು. ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಒಂದು ಕಡ್ಡಿಯೂ ಸಾಕು.

ಇನ್ನು ಹೊಗೆಯ ಸ್ವರೂಪ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ನಿಯಮವಿಲ್ಲ, ಹಸಿ ಸೌದೆಯ ಸಂಯೋಗವಾದರೆ ಮಾತ್ರ ಹೊಗೆ ಹುಟ್ಟುವುದೆಂದು ನಮ್ಮ ತಾರ್ಕಿಕರು ಸೂಕ್ಷ್ಮವಾಗಿ ನೋಡಿ ಹೇಳಿದ್ದಾರೆ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಸೌದೆಯ ಒಲೆಯನ್ನು ಊದಿ ಬಲ್ಲ ಗೃಹಿಣಿಯರಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾದದ್ದಿಲ್ಲ. ಇಂದಿನ ರಸಾಯನಶಾಸ್ತ್ರಜ್ಞರು ಇದನ್ನೇ ಇನ್ನೂ ವಿಂಗಡಿಸಿ ಹೇಳುತ್ತಾರೆ. ಒಣಹುಲ್ಲು ಧಗಧಗನೆ ಜ್ವಾಲೆಯಿಂದ ಉರಿಯುವಾಗ ಕಪ್ಪು ಮಸಿಯು ಹೆಚ್ಚು. ಹಸಿಯ ಪೊದೆಯೂ ಬಿದ್ದ ಮರದ ಬೊಡ್ಡೆಯೂ ಜ್ವಾಲೆಯಿಲ್ಲದೆ ಒಳಗೊಳಗೇ ಕಮರುವಾಗ ಬಿಳುಪಾದ, ಜಿಡ್ಡಿನ ಅಂಶವುಳ್ಳ ಹೊಗೆಯು ಹೆಚ್ಚು. ಇವೆರಡರ ಕಣಗಳೂ ಬರಿಗಣ್ಣಿಗೆ ಒಂದೊಂದಾಗಿ ಕಾಣದಷ್ಟು ಸೂಕ್ಷ್ಮ. ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲಿಗೂ ಚಿಕ್ಕವು ಅವುಗಳಲ್ಲಿ ಅಸಂಖ್ಯ. ಇಷ್ಟು ಹಗುರವಾದ್ದರಿಂದ ಅವು ಕೂಡಲೆ ನೆಲಕ್ಕೆ ಇಳಿಯುವುದಿಲ್ಲ. ಮಳೆಯು ತೊಳೆಯದಿದ್ದರೆ ಸುಮಾರು ಒಂದು ವಾರ ಗಾಳಿಯಲ್ಲಿ ತೇಲುತ್ತ ನೂರಾರು ಮೈಲಿ ಸಂಚಾರಮಾಡುತ್ತವೆ. ಬೇಸಗೆಯಲ್ಲಿ ತೊಳೆಯುವ ಮಳೆಯಾದರೂ ಎಲ್ಲಿ? ಹೀಗಾಗಿ ಒಂದು ಬೆಂಕಿಯ ಹೊಗೆ ಚೆದರುವ ಮೊದಲೇ ಇನ್ನೊಂದರ ಹೊಗೆ ಬಂದು ಅದನ್ನು ಸೇರುತ್ತದೆ.

ಈ ತೇಲುವ ಹೊಗೆಯು ಮೊದಲು ಅಪಹರಿಸುವುದು ಬೆಳಕನ್ನು. ಬಿಳಿಯ ಹೊಗೆಯು ಸೂರ್ಯಕಿರಣಗಳನ್ನು ಚೆದರಿಸಿ ಒಂದು ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಕರಿಯ ಮಸಿಯು ಕಿರಣಗಳನ್ನು ತಾನೇ ನುಂಗಿ ಕಾಯುತ್ತದೆ. ಇದರಿಂದ ಆಗುವುದೇನೆಂದರೆ, ಕೆಳಗೆ ನೆಲವು ಎಂದಿನಷ್ಟು ಕಾಯುವುದಿಲ್ಲ, ಮೇಲೆ ಹೊಗೆಯ ಪದರವು ಎಂದಿಗಿಂತ ಹೆಚ್ಚಾಗಿ ಕಾಯುತ್ತದೆ. ನೆಲ ತಂಪಾದರೆ ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಬೇಸಗೆಯ ಮಳೆ ಹುಟ್ಟುವ ಬಗೆಯನ್ನು ಅರಿತವರು ಹಾಗೆ ಕೇಳಲಾರರು. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು, ನೆಲದ ಮೇಲಿನ ಗಾಳಿಯು ಬಿಸಿಯಾಗಿ ಹಗುರಾಗಿ ಮೇಲೇರಿ, ಎತ್ತರದಲ್ಲಿ ತಣ್ಣಗಾಗಿ, ಅದರಲ್ಲಿರುವ ನೀರಾವಿಯು ಮೋಡವಾಗಿ, ಸಂಜೆಗೆ ಗುಡುಗಿ ಸುರಿಯುವುದೇ ನಮ್ಮ ಚೈತ್ರ ವೈಶಾಖಗಳ ಮಳೆಯ ಕ್ರಮ. ಮೇಲಿನ ಗಾಳಿಯು ತಂಪಾಗಿಯೂ ಕೆಳಗಿನದು ಬಿಸಿಯಾಗಿಯೂ ಇದ್ದರೆ ಮಾತ್ರ ಈ ಏರುವಿಕೆ ಸಾಗುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ಬೆಳಕಿಂಡಿಯನ್ನು ಮುಚ್ಚಿದರೆ ಬಿಸಿಹೊಗೆಯು ಜಂತೆಗಳ ಕೆಳಗೆ ಪದರಗಟ್ಟಿ ನಿಂತು, ಕೆಳಗಿನ ಗಾಳಿಗೆ ಮೇಲೇರಲು ದಾರಿ ಕೊಡುತ್ತಿರಲಿಲ್ಲವೆಂಬುದನ್ನು ನಮ್ಮ ವಯಸ್ಸಿನವರು ಬಲ್ಲರು. ಆಕಾಶದಲ್ಲಿಯೂ ಹಾಗೆಯೇ: ಕಾದ ಹೊಗೆಯ ಪದರವು ಮುಚ್ಚಳದಂತೆ ಕುಳಿತರೆ ಮೋಡವು ಕಟ್ಟುವುದೇ ಕಷ್ಟವಾಗುತ್ತದೆ. ದಕ್ಷಿಣ ಅಮೆರಿಕದ ಅಮೆಜಾನ್ ಅರಣ್ಯದ ಮೇಲಿನ ಆಕಾಶವನ್ನು ಉಪಗ್ರಹದಿಂದ ಪರೀಕ್ಷಿಸಿದ ವಿದ್ವಾಂಸರು ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕವು ಇದಕ್ಕೆ ಸಾಕ್ಷಿ. ಗಾಳಿಯು ನಿರ್ಮಲವಾಗಿದ್ದಾಗ ಅಲ್ಲಿ ಚೆದರಿದ ಬಿಳಿಮೋಡಗಳು ಆಕಾಶದ ನೂರರಲ್ಲಿ ೩೮ ಪಾಲನ್ನು ಆವರಿಸುತ್ತಿದ್ದವು. ಹೊಗೆ ದಟ್ಟವಾದ ಕಡೆ ಅವು ಇಲ್ಲವೇ ಇಲ್ಲವೆಂಬಷ್ಟಕ್ಕೆ ಇಳಿದಿದ್ದವು.

ಮುಚ್ಚಳವನ್ನು ದಾಟಿ ಮೋಡವು ಕಟ್ಟಿತೆನ್ನೋಣ. ಆಗ ಹೊಗೆಯ ಎರಡನೆಯ ಕೆಲಸವು ಮೊದಲಾಗುತ್ತದೆ. ಕಾಳಿದಾಸನು ಮೇಘದೂತದಲ್ಲಿ ಮೋಡದ ಅಂಗಗಳನ್ನು ಎಣಿಸುವಾಗ ಹೊಗೆಯನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದ್ದಾನೆ. ಇದು ಕೇವಲ ಕವಿಯ ಮಾತೆಂದು ಬಹುಕಾಲ ತಿಳಿದಿದ್ದರೂ ಇದರಲ್ಲಿ ತಥ್ಯವುಂಟು. ನೀರಾವಿಯು ಬರಿಯ ಗಾಳಿಯಲ್ಲಿ ಸುಲಭವಾಗಿ ಹನಿಗಟ್ಟಲಾರದು. ಕೂಡಲು ಅದಕ್ಕೊಂದು ಪೀಠ ಬೇಕು. ಧೂಳಿಯ, ಉಪ್ಪಿನ, ಹೊಗೆಯ ಕಣವೇ ಆ ಪೀಠ. ಹಾಗಾದರೆ ಹೊಗೆ ಹೆಚ್ಚಿದಷ್ಟೂ ಮಳೆ ಹೆಚ್ಚಬೇಕಲ್ಲವೇ? ಇಲ್ಲಿಯೇ ವಿಷಯದ ಮರ್ಮವಿರುವುದು. ಊಟದ ಪಂಕ್ತಿಯನ್ನು ನೆನೆಯಿರಿ. ಮಾಡಿದ ಪಾಯಸವು ಒಂದೇ ಕೊಳದಪ್ಪಲೆ. ಐವತ್ತು ಎಲೆ ಹಾಕಿದರೆ ಎಲ್ಲರಿಗೂ ತೃಪ್ತಿಯಾಗುವಷ್ಟು ಬರುತ್ತದೆ. ಕರೆಯದ ಐನೂರು ಮಂದಿ ಬಂದು ಕುಳಿತರೆ ಒಬ್ಬೊಬ್ಬರಿಗೆ ಒಂದೊಂದು ಚಮಚ. ಯಾರ ಹೊಟ್ಟೆಯೂ ತುಂಬುವುದಿಲ್ಲ. ಮೋಡದಲ್ಲಿರುವ ನೀರಾವಿಯೂ ಅಷ್ಟೇ. ನಿರ್ಮಲವಾದ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಕೆಲವು ನೂರು ಹನಿಗಳು ಹುಟ್ಟುವ ಕಡೆ, ಹೊಗೆ ತುಂಬಿದ ಗಾಳಿಯಲ್ಲಿ ಸಾವಿರಾರು ಹುಟ್ಟುತ್ತವೆ. ಹನಿಗಳ ಸಂಖ್ಯೆ ಹೆಚ್ಚುತ್ತದೆ, ಗಾತ್ರ ಕುಗ್ಗುತ್ತದೆ.

ಗಾತ್ರ ಕುಗ್ಗಿದರೆ ನಷ್ಟವೇನು? ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಮೋಡದ ಹನಿಯ ವ್ಯಾಸವು ಸಾಧಾರಣವಾಗಿ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ನೆಲಕ್ಕೆ ಬೀಳುವ ಮಳೆಹನಿಯ ವ್ಯಾಸವು ಸುಮಾರು ೨ ಮಿಲಿಮೀಟರು. ಎರಡನೆಯದು ಮೊದಲನೆಯದರ ನೂರರಷ್ಟಾಯಿತು. ಉದ್ದ, ಅಗಲ, ಎತ್ತರ ಮೂರರಲ್ಲಿಯೂ ನೂರರಷ್ಟೆಂದರೆ ನೂರನ್ನು ಮೂರು ಸಲ ಗುಣಿಸಬೇಕು: ಹತ್ತು ಲಕ್ಷ. ಹತ್ತು ಲಕ್ಷ ಮೋಡದ ಹನಿಗಳು ಕೂಡಿ ಒಂದು ಮಳೆಹನಿಯಾಗತಕ್ಕದ್ದು. ಹೀಗೆ ಕೂಡಬೇಕಾದರೆ ಕೆಲವು ಹನಿಗಳಾದರೂ ದೊಡ್ಡವಾಗಿದ್ದು, ಬೀಳುವ ದಾರಿಯಲ್ಲಿ ಚಿಕ್ಕವನ್ನು ಡಿಕ್ಕಿಹೊಡೆದು ತಮ್ಮೊಳಗೆ ಸೇರಿಸಿಕೊಳ್ಳಬೇಕು. ಎಲ್ಲವೂ ಸಮಾನವಾಗಿ ಚಿಕ್ಕವಾದರೆ ಅವು ಒಂದನ್ನೊಂದು ಮುಟ್ಟದೆ ಗಾಳಿಯೊಡನೆ ತೇಲುತ್ತವೆ. ಆಕಾಶ ತುಂಬ ಮೋಡ, ನೆಲಕ್ಕೆ ಹನಿಯಿಲ್ಲ! ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಡೇನಿಯಲ್ ರೋಸೆನ್‌ಫೆಲ್ಡ್ ಎಂಬ ವಿದ್ವಾಂಸರು, ಉಷ್ಣವಲಯದ ಮಳೆಯನ್ನು ಅಳೆಯಲು ೧೯೯೭ರಲ್ಲಿ ಹಾರಿಸಿದ ಉಪಗ್ರಹದ ನೆರವಿನಿಂದ ಬೋರ್ನಿಯೋ ದ್ವೀಪದ ಕಾಡ್ಗಿಚ್ಚಿನ ಹೊಗೆಯನ್ನು ಹೊಕ್ಕ ಮೋಡಗಳನ್ನು ಪರೀಕ್ಷಿಸಿ, ಅವು ಮಳೆಗರೆಯದೆ ಉಳಿದುದನ್ನು ೧೯೯೯ರಲ್ಲಿ ತೋರಿಸಿಕೊಟ್ಟರು. ಅದೇ ಎತ್ತರದ, ಆದರೆ ಹೊಗೆಯಿಲ್ಲದ ಪಕ್ಕದ ಮೋಡಗಳು ಮಳೆ ಸುರಿಸುತ್ತಿದ್ದವು.

ಹಾಗೆಂದು ಹೊಗೆ ಬಿದ್ದ ಮೋಡವು ಎಂದೆಂದಿಗೂ ಬರಡೆಂದು ತಿಳಿಯಬಾರದು. ಅಮೆಜಾನಿನಲ್ಲಿ ವಿಮಾನಗಳಿಂದ ಮೋಡದೊಳಗೇ ಹೊಕ್ಕು ಅಳೆದವರು ೨೦೦೪ರಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿದರು. ನಿರ್ಮಲವಾದ ಮೋಡದಲ್ಲಿ ಬುಡದಿಂದ ಒಂದೂವರೆ ಕಿಲೋಮೀಟರು ಮೇಲಕ್ಕೇ ಮಳೆಹನಿ ಸಿದ್ಧವಾದರೆ, ಹೊಗೆ ಹಿಡಿದ ಮೋಡವು ಐದು ಕಿಲೋಮೀಟರಿಗೂ ಮೇಲೆ ಏರಬೇಕಾಗುತ್ತದೆ. ಅಷ್ಟು ಏರಲು ಶಕ್ತಿಯಿಲ್ಲದ ಮೋಡವು ಚೆದರಿಹೋಗುತ್ತದೆ. ಶಕ್ತಿಯುಳ್ಳದ್ದು ಏರಿ, ಮೇಲೆ ಹಿಮಗಟ್ಟಿ, ಆಮೇಲೆ ಗುಡುಗು, ಬಿರುಗಾಳಿ, ಆಲಿಕಲ್ಲುಗಳೊಡನೆ ಒಮ್ಮೆಗೇ ಸುರಿಯುತ್ತದೆ. ಹದವಾಗಿ ಹತ್ತು ಕಡೆ ಬೀಳಬೇಕಾದ ನೀರು ಒಂದು ಕಡೆ ಬಡಿಯುತ್ತದೆ. ಒಂಬತ್ತು ಕಡೆ ಜನರು ಆಕಾಶವನ್ನು ನೋಡುತ್ತ ಕೂಡುತ್ತಾರೆ.

ಈ ಎಲ್ಲ ಉದಾಹರಣೆಗಳೂ ದೂರದೇಶದವಾಯಿತಲ್ಲ, ನಮ್ಮ ಕಡೆಯ ಸಮಾಚಾರವೇನು ಎಂದರೆ, ಅದಕ್ಕೂ ಉತ್ತರವುಂಟು. ಡಿಸೆಂಬರಿನಿಂದ ಮಾರ್ಚಿಯವರೆಗೆ ನಮ್ಮಲ್ಲಿ ಗಾಳಿಯು ಬಹುಮಟ್ಟಿಗೆ ಈಶಾನ್ಯ ಮತ್ತು ಪೂರ್ವ ದಿಕ್ಕುಗಳಿಂದ ಬೀಸುತ್ತದೆ. ದೇಶದ ಧೂಳು, ಹೊಗೆ ಎಲ್ಲವನ್ನೂ ಅದು ಗುಡಿಸಿಕೊಂಡು ಹಿಂದೂಮಹಾಸಾಗರದ ಮೇಲೆ ಹರಡುತ್ತದೆ. ೧೯೯೯ರ ಜನವರಿಯಿಂದ ಮಾರ್ಚಿಯವರೆಗೆ ಹಲವು ದೇಶಗಳ ವಿಜ್ಞಾನಿಗಳು ಮಾಲ್ಡೀವ್ ದ್ವೀಪಗಳಲ್ಲಿ ಬೀಡುಬಿಟ್ಟು, ಹಡಗು ವಿಮಾನಗಳ ಸಹಾಯದಿಂದ ಇದನ್ನು ಅಳೆದರು. ಅವರ ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಅವರು ಬಾಲ್ಯದಲ್ಲಿ ಬೆಂಗಳೂರಿನ ಶಾಲೆಗಳಲ್ಲಿ ಓದಿ, ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರೆಂಬುದು ನಮಗೆ ಸಂತೋಷದ ವಿಷಯ. ಸಮುದ್ರದ ಮೇಲೆ ಸುಮಾರು ಮೂರು ಕಿಲೋಮೀಟರು ದಪ್ಪದ ಕಂದುಬಣ್ಣದ ಮಬ್ಬು ಕವಿದಿರುವುದನ್ನೂ, ಅದರಿಂದ ನೀರಿನ ಮೇಲೆ ಬೀಳುವ ಬಿಸಿಲು ನೂರಕ್ಕೆ ಹತ್ತರಷ್ಟು ಕುಂದುವುದನ್ನೂ ಅವರು ಕಂಡರು. ಈ ಮಬ್ಬಿನ ಕರಿಮಸಿ ಎಲ್ಲಿಂದ ಬಂದದ್ದೆಂಬುದನ್ನು ತಿಳಿಯಲು ಮಾಲ್ಡೀವಿನಲ್ಲಿಯೂ, ಪುಣೆಯ ಹತ್ತಿರ ಸಹ್ಯಾದ್ರಿಯ ಮೇಲಿರುವ ಸಿಂಹಗಡದಲ್ಲಿಯೂ ಚಳಿಗಾಲದ ಗಾಳಿಯನ್ನು ಹಿಡಿದು ಶೋಧಿಸಿದವರು ೨೦೦೯ರಲ್ಲಿ ಫಲವನ್ನು ಪ್ರಕಟಿಸಿದರು. ಅರ್ಧದಿಂದ ಮೂರರಲ್ಲೆರಡು ಪಾಲಿನವರೆಗಿನ ಮಸಿಯು ಸೌದೆ, ಬೆರಣಿ, ಪೈರಿನ ಕೂಳೆ, ಕಾಡು ಇವುಗಳನ್ನು ಸುಟ್ಟುದರಿಂದ ಬಂದದ್ದು. ಮಿಕ್ಕದ್ದು ಪೆಟ್ರೋಲು, ಡೀಸೆಲು, ಕಲ್ಲಿದ್ದಲುಗಳದು. ಆದ್ದರಿಂದ ಕಾಡ್ಗಿಚ್ಚಿನ ಹೊಗೆಯು ಒಂಟಿಯಾಗಿ ಹೋಗುವುದಿಲ್ಲ. ನಮ್ಮ ಒಲೆಯ, ಗದ್ದೆಯ, ಬೀದಿಯ ಹೊಗೆಯೂ ಮೋಟಾರುಗಳ ಹೊಗೆಯೂ ದಾರಿಯಲ್ಲಿ ಅದರ ಕೈಹಿಡಿಯುತ್ತವೆ.

ಇಷ್ಟು ಹೇಳಿದ ಮೇಲೆ ಪೂರ್ವಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರ ಉರಿದರೆ, ಅದೇ ವರ್ಷದ ಆಗಸ್ಟಿನಲ್ಲಿ ಕೊಡಗು, ವಯನಾಡುಗಳಲ್ಲಿ ಮಿತಿಮೀರಿ ಮಳೆಯಾಗಿ ಕಪಿಲೆಯು ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ಮೈಸೂರು ನಂಜನಗೂಡುಗಳ ನಡುವಣ ಹೆದ್ದಾರಿಯೇ ಮುಚ್ಚಿತು. ಹೊಗೆಯು ಮಳೆಯನ್ನು ತಡೆಯುವುದಾದರೆ ಇದು ಹೇಗೆ? ಸಮಾಧಾನವಿಷ್ಟು. ಮುಂಗಾರು ಮಳೆಯು ಮಹಾಸಾಗರದಿಂದ ಬರತಕ್ಕದ್ದು. ಒಂದು ಕಾಡಿನ ಐದು ದಿವಸದ ಹೊಗೆಯು ಅದನ್ನು ಅಡ್ಡಗಟ್ಟಲಾರದು. ಆಗಸ್ಟಿನ ಹೊತ್ತಿಗೆ ಫೆಬ್ರವರಿಯ ಹೊಗೆಯ ಒಂದು ಕಣವೂ ಗಾಳಿಯಲ್ಲಿ ಉಳಿದಿರುವುದಿಲ್ಲ. ೧೯೯೧ರಲ್ಲಿ ಕುವೈತಿನ ನೂರಾರು ಎಣ್ಣೆಬಾವಿಗಳು ತಿಂಗಳುಗಟ್ಟಲೆ ಉರಿದಾಗ ನಮ್ಮ ಮುಂಗಾರು ಕೆಟ್ಟೀತೆಂದು ದೊಡ್ಡ ದೊಡ್ಡ ವಿದ್ವಾಂಸರೇ ಭಯಪಟ್ಟಿದ್ದರು. ಆ ಹೊಗೆಯು ಬಹಳ ಎತ್ತರಕ್ಕೆ ಏರದೆ ಹೋದದ್ದರಿಂದ ಅದರ ಪರಿಣಾಮವು ಹೆಚ್ಚಾಗಿ ಆ ಸೀಮೆಯಲ್ಲಿಯೇ ನಿಂತಿತು. ೨೦೧೯ರ ಕೊನೆಯಲ್ಲಿಯೂ ೨೦೨೦ರ ಮೊದಲಿನಲ್ಲಿಯೂ ಆಸ್ಟ್ರೇಲಿಯದ ಕಾಡುಗಳಿಂದೆದ್ದ ಹೊಗೆಯಾದರೋ, ಬೆಂಕಿಯೇ ಹುಟ್ಟಿಸಿದ ಗುಡುಗುಮೋಡಗಳನ್ನೇರಿ, ಮಳೆಯೂ ಮುಟ್ಟದ ಎತ್ತರಕ್ಕೆ ಹೋಗಿ ಭೂಮಂಡಲವನ್ನೇ ಸುತ್ತಿತು. ಎಷ್ಟು ಎತ್ತರ, ಎಷ್ಟು ದಿವಸ, ಎಷ್ಟು ವಿಸ್ತಾರ ಎಂಬ ಮೂರನ್ನು ನೋಡದೆ ಹೊಗೆಯ ಫಲವನ್ನು ಹೇಳಬಾರದು.

ಇಡೀ ದಕ್ಷಿಣ ಏಷ್ಯದ ಮೇಲೆ ವರ್ಷವರ್ಷವೂ ಕವಿಯುವ ಮಬ್ಬಿನ ವಿಷಯದಲ್ಲಿ ಪಂಡಿತರಲ್ಲಿ ಎರಡು ಪಕ್ಷಗಳಿವೆ. ಬಿಸಿಲು ಕುಂದುವುದರಿಂದ ಸಮುದ್ರದ ನೀರು ಆವಿಯಾಗುವುದು ಕಡಮೆಯಾಗಿ, ಸಮುದ್ರದ ಉತ್ತರಭಾಗಕ್ಕೂ ದಕ್ಷಿಣಭಾಗಕ್ಕೂ ಇರುವ ತಾಪಭೇದವು ಇಳಿದು, ಮುಂಗಾರು ದುರ್ಬಲವಾಗುತ್ತದೆಂದು ರಾಮನಾಥನ್ ಮತ್ತು ಅವರ ಜೊತೆಗಾರರು ೨೦೦೫ರಲ್ಲಿ ವಾದಿಸಿದರು. ಮಸಿಯೂ ಮರುಭೂಮಿಯ ಧೂಳೂ ಹಿಮಾಲಯದ ತಪ್ಪಲಿನಲ್ಲಿ ಎತ್ತರದಲ್ಲಿ ಕಾದು, ಗಾಳಿಯನ್ನು ಮೇಲಕ್ಕೆ ಸೆಳೆದು, ಮೇ ಜೂನ್ ತಿಂಗಳುಗಳ ಮಳೆಯನ್ನು ಉತ್ತರದಲ್ಲಿ ಹೆಚ್ಚಿಸುತ್ತವೆಂದು ಅಮೆರಿಕದ ನಾಸಾ ಸಂಸ್ಥೆಯ ವಿಲಿಯಂ ಲೌ ಮೊದಲಾದವರು ೨೦೦೬ರಲ್ಲಿ ಹೇಳಿದರು. ಈ ವಾದವಿನ್ನೂ ಮುಗಿದಿಲ್ಲ. ಆದರೆ ಮಬ್ಬು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಎರಡು ಪಕ್ಷದವರಲ್ಲಿ ಯಾರೂ ಹೇಳುವುದಿಲ್ಲ.

ನಾವು ಗೃಹಸ್ಥರು ಹೆಚ್ಚಾಗಿ ಚಿಂತಿಸಬೇಕಾದದ್ದು ಮುಂಗಾರಿಗಿಂತಲೂ ಅದಕ್ಕೆ ಮುಂಚಿನ ಮಳೆಯನ್ನು ಕುರಿತು. ಹೊಗೆಯ ಕಾಲವೂ ಈ ಮಳೆಯ ಕಾಲವೂ ಒಂದಕ್ಕೊಂದು ಅಂಟಿಕೊಂಡಿವೆ. ಮಾರ್ಚಿ ಏಪ್ರಿಲ್ ತಿಂಗಳ ಹೊಗೆಯು ಆರುವ ಮೊದಲೇ ಮಾರ್ಚಿ ಏಪ್ರಿಲ್ ತಿಂಗಳ ಮೋಡವು ಕಟ್ಟಬೇಕಾಗಿದೆ. ಮೈಸೂರಿನ ಮಳೆಯ ಲೆಕ್ಕವನ್ನು ನೋಡಿದರೆ ಕರಾವಳಿಯಂತೆ ಇಲ್ಲಿ ಜುಲೈ ತಿಂಗಳೇ ಮುಖ್ಯವಲ್ಲ. ಮೇ ಮತ್ತು ಅಕ್ಟೋಬರುಗಳೇ ಹೆಚ್ಚು ನೀರು ತರುವ ತಿಂಗಳುಗಳು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ನಮ್ಮ ರೈತರು ಸುಮ್ಮನೆ ಹೇಳಲಿಲ್ಲ. ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು ಸೀಮೆಗಳ ಬೆದ್ದಲು ಭೂಮಿಯವರು ಅಶ್ವಿನಿ ಭರಣಿಗಳ ಹದವನ್ನು ನೋಡಿಯೇ ಮೊದಲ ಬಿತ್ತನೆಗೆ ಕೈಹಾಕುತ್ತಾರೆ. ಕೊಡಗಿನ ಕಾಫಿಯ ತೋಟದವರಿಗೆ ಬೇಸಗೆಯ ಹೂಮಳೆಯು ಒಂದು ಅಂಗುಲವಾದರೂ ಸಕಾಲಕ್ಕೆ ಬೀಳಬೇಕು. ಅದು ತಪ್ಪಿದರೆ ಮೊಗ್ಗು ಅರಳುವುದಿಲ್ಲ. ಈ ಮಳೆಗೆ ಸಾಗರದ ಸೈನ್ಯದ ಬಲವಿಲ್ಲ. ಸ್ಥಳದ ಬಿಸಿಲು, ಸ್ಥಳದ ತೇವ, ಮಧ್ಯಾಹ್ನದ ಒಂದು ಮೋಡ, ಇಷ್ಟೇ ಅದರ ಬಂಡವಾಳ. ಇಂತಹ ದುರ್ಬಲವಾದ ಮೋಡವನ್ನೇ ಹೊಗೆಯು ಸುಲಭವಾಗಿ ಕೆಡಿಸಬಲ್ಲದು. ಯಾವುದೋ ಒಂದು ಊರಿನಲ್ಲಿ ಯಾವುದೋ ಒಂದು ದಿವಸ ಮಳೆ ತಪ್ಪಿದ್ದನ್ನು ಇಂಥದೇ ಬೆಂಕಿಯ ತಲೆಗೆ ಕಟ್ಟುವುದು ಸಾಹಸವಾದೀತು. ಆದರೆ ಹೊಗೆ ಮಾಡುವ ಕೆಲಸವು ಯಾವ ಬಗೆಯದೆಂಬುದು ತಿಳಿದ ಮೇಲೆ, ಈ ಮಳೆಯ ದಾರಿಯಲ್ಲಿ ಅದನ್ನು ತಂದಿಡುವುದು ವಿವೇಕವಲ್ಲ. ಬೇಸಗೆಯ ಮಳೆ ತಡವಾದಷ್ಟೂ ತರಗು ಒಣಗುತ್ತದೆ. ತರಗು ಒಣಗಿದಷ್ಟೂ ಬೆಂಕಿ ಹೆಚ್ಚುತ್ತದೆ. ಬೆಂಕಿ ಹೆಚ್ಚಿದಷ್ಟೂ ಹೊಗೆ.

ಮಹಾಭಾರತದ ಆದಿಪರ್ವದ ಖಾಂಡವದಹನದ ಕಥೆಯನ್ನು ಚಿಕ್ಕಂದಿನಿಂದಲೂ ಕೇಳಿದ್ದೇವೆ. ಕಾಡನ್ನು ಉಳಿಸಲೆಂದು ಇಂದ್ರನು ಮಳೆ ಸುರಿಸುತ್ತಾನೆ. ಅಗ್ನಿಯ ತೇಜಸ್ಸಿಗೆ ಆ ಧಾರೆಗಳು ನೆಲವನ್ನು ಮುಟ್ಟದೆ ಆಕಾಶದಲ್ಲಿಯೇ ಒಣಗಿಹೋಗುತ್ತವೆ. ಅದನ್ನು ಅರ್ಜುನನ ಪರಾಕ್ರಮದ ವರ್ಣನೆಯ ಅಂಗವಾಗಿ ನಾವು ಓದಿ ಮುಂದಕ್ಕೆ ಹೋಗುತ್ತೇವೆ. ಉರಿಯುವ ಕಾಡು ತನ್ನನ್ನು ಉಳಿಸಬಂದ ಮಳೆಗೇ ಅಡ್ಡವಾಯಿತೆಂಬ ಸಂಗತಿಯು ಅಲ್ಲಿದೆಯೆಂಬುದನ್ನು ಮಕ್ಕಳಿಗೆ ಕಥೆ ಹೇಳುವ ತಾಯಿತಂದೆಗಳು ಒಂದು ಗಳಿಗೆ ನಿಂತು ತೋರಿಸಬಹುದು.

ಬೆಂಕಿ ಎಂಬುದನ್ನೇ ಕಾಡಿನ ಶತ್ರುವೆಂದು ಸಾರುವುದೂ ಸರಿಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆತಲಾಂತರದಿಂದ ‘ತರಗು ಬೆಂಕಿ’ ಎಂಬುದನ್ನು ಹಾಕುತ್ತಿದ್ದರು. ತರಗು ಇನ್ನೂ ತೆಳ್ಳಗಿರುವ ಬೇಸಗೆಯ ಮೊದಲಿನಲ್ಲಿಯೇ ತಗ್ಗಾದ ಬೆಂಕಿಯಿಂದ ಅದನ್ನು ಸುಟ್ಟರೆ, ಮಾರ್ಚಿಯಲ್ಲಿ ಮರವನ್ನು ಹಿಡಿಯುವ ದೊಡ್ಡ ಬೆಂಕಿಗೆ ಆಹಾರವಿರುವುದಿಲ್ಲವೆಂಬುದು ಅವರ ಅನುಭವ. ೧೯೭೪ರಲ್ಲಿ ಆ ಕಾಡು ವನ್ಯಧಾಮವಾದ ಮೇಲೆ ಆ ಪದ್ಧತಿಗೆ ನಿಷೇಧ ಬಂದಿತು. ಲಂಟಾನವು ಅಲ್ಲಿ ಮಿತಿಮೀರಿ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ಸೋಲಿಗರು ಹೇಳುತ್ತಾರೆ. ಅವರೊಡನೆ ಕೂಡಿ ಅಧ್ಯಯನ ಮಾಡಿದ ವಿದ್ವಾಂಸರೂ ಆ ಮಾತನ್ನು ಗೌರವದಿಂದ ವಿಚಾರಿಸಿದ್ದಾರೆ. ಕಾಲವನ್ನೂ ನೆಲವನ್ನೂ ಬಲ್ಲವನು ಹಾಕಿದ ಬೆಂಕಿ ಬೇರೆ; ಮೋಟಾರಿನ ಕಿಟ್ಟಕಿಯಿಂದ ಎಸೆದ ಕಿಡಿ ಬೇರೆ.

ಬೆಂಕಿಯನ್ನು ತಡೆಯಲು ಇಲಾಖೆಯವರು ಪ್ರತಿವರ್ಷವೂ ಬೇಸಗೆಗೆ ಮುಂಚೆ ಕಾಡಿನಲ್ಲಿ ಬೆಂಕಿರೇಖೆಗಳನ್ನು ಸವರಿಸುತ್ತಾರೆ; ಕಾಡಂಚಿನ ಹಾಡಿಗಳಿಂದಲೂ ಹಳ್ಳಿಗಳಿಂದಲೂ ಕಾವಲುಗಾರರನ್ನು ಕೆಲವು ತಿಂಗಳ ಮಟ್ಟಿಗೆ ನೇಮಿಸಿಕೊಳ್ಳುತ್ತಾರೆ. ಬಿಸಿಲಿನಲ್ಲಿ, ಹೊಗೆಯಲ್ಲಿ, ಆನೆಗಳ ನಡುವೆ ಇವರು ಮಾಡುವ ಕೆಲಸವು ಸಾಮಾನ್ಯವಾದದ್ದಲ್ಲ. ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೇ ಬೆಂಕಿಯಾರಿಸಲು ಹೋದ ಅರಣ್ಯರಕ್ಷಕರೊಬ್ಬರು ಅದರಲ್ಲಿ ಸಿಕ್ಕಿ ಪ್ರಾಣವನ್ನೇ ತೆತ್ತರು. ಯಾರೋ ಅಜಾಗರೂಕತೆಯಿಂದ ಹಚ್ಚಿದ್ದನ್ನು ಆರಿಸಲು ಇನ್ನೊಬ್ಬರ ಮನೆಯ ಮಗನು ಹೋಗಬೇಕಾಗುತ್ತದೆಂಬುದನ್ನು ನೆನೆದರೆ, ನಮ್ಮ ಕೈಯ ಕಿಡಿಯ ಮೇಲೆ ನಮಗೆ ಎಚ್ಚರ ತಾನಾಗಿ ಬರಬೇಕು.

ಹಾಗಾದರೆ ಮೈಸೂರಿನ ಮನೆಗಳಲ್ಲಿ ಕುಳಿತ ನಾವು ಮಾಡತಕ್ಕದ್ದೇನು? ಮಹತ್ಕಾರ್ಯಗಳೇನೂ ಬೇಕಿಲ್ಲ. ಬೇಸಗೆಯ ರಜೆಯಲ್ಲಿ ಗುಂಡ್ಲುಪೇಟೆಯ ಮಾರ್ಗವಾಗಿ ಊಟಿಗೋ ವಯನಾಡಿಗೋ ಹೋಗುವಾಗ, ಗೋಪಾಲಸ್ವಾಮಿಯ ದರ್ಶನಕ್ಕೆ ಹೋಗುವಾಗ, ಕಾಡಿನ ಗಡಿಯೊಳಗೆ ಬೀಡಿ ಸಿಗರೇಟುಗಳನ್ನು ಸೇದಬಾರದು. ರಸ್ತೆಯ ಪಕ್ಕದಲ್ಲಿ ಒಲೆ ಹೂಡಿ ಅಡಿಗೆ ಮಾಡಬಾರದು. ಸಂಗಡ ಬಂದವರು ಮಾಡಹೊರಟರೆ ದಾಕ್ಷಿಣ್ಯ ನೋಡದೆ ತಡೆಯಬೇಕು. ಚಾಮುಂಡಿಬೆಟ್ಟದ ಇಳಿಜಾರುಗಳಿಗೂ ಇದೇ ನಿಯಮ; ಅಲ್ಲಿಯ ಒಣಹುಲ್ಲಿಗೂ ಬೇಸಗೆಯಲ್ಲಿ ಬೆಂಕಿ ತಗಲುವುದುಂಟು. ನಮ್ಮ ಬೀದಿಗಳ ಮರಗಳು ಮಾಘ ಫಾಲ್ಗುಣಗಳಲ್ಲಿ ಉದುರಿಸುವ ಎಲೆಗಳನ್ನು ಬೆಳಗಿನ ಜಾವ ಗುಡಿಸಿ ರಾಶಿಮಾಡಿ ಕಡ್ಡಿ ಗೀರುವ ಅಭ್ಯಾಸ ಹಲವು ಬಡಾವಣೆಗಳಲ್ಲಿ ಇನ್ನೂ ಹೋಗಿಲ್ಲ. ಇಬ್ಬನಿಯಿಂದ ಹಸಿಯಾದ ಎಲೆಯು ಉರಿಯದೆ ಕಮರಿ ಬಹಳ ಹೊಗೆಯನ್ನು ಕೊಡುತ್ತದೆ; ಅದನ್ನು ಮೊದಲು ಸೇವಿಸುವವರು ಮನೆಯೊಳಗಿನ ಮಕ್ಕಳು, ಮುದುಕರು, ಉಬ್ಬಸದವರು. ಹಿತ್ತಿಲಿದ್ದವರು ಒಂದು ಮೊಳದ ಗುಂಡಿಯನ್ನು ತೋಡಿ ಅದರಲ್ಲಿ ಎಲೆಯನ್ನು ತುಂಬಿ, ನಡುನಡುವೆ ಸ್ವಲ್ಪ ಮಣ್ಣು ಸೆಗಣಿಗಳನ್ನು ಹಾಕಿ ನೀರು ಚಿಮುಕಿಸಿದರೆ, ಕೆಲವು ತಿಂಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ಹಿತ್ತಿಲಿಲ್ಲದವರು ಚೀಲದಲ್ಲಿ ಕಟ್ಟಿ ನಗರಪಾಲಿಕೆಯ ಗಾಡಿಗೆ ಕೊಡಬಹುದು. ಹಳ್ಳಿಯಲ್ಲಿ ನೆಂಟರಿದ್ದು ಅವರ ಮನೆಯಲ್ಲಿ ಇನ್ನೂ ಸೌದೆಯ ಒಲೆಯೇ ನಡೆಯುತ್ತಿದ್ದರೆ, ೨೦೧೬ರಿಂದ ಬಡವರ ಮನೆಗಳಿಗೆ ಅನಿಲದ ಒಲೆಯನ್ನು ಒದಗಿಸುತ್ತಿರುವ ಉಜ್ವಲಾ ಯೋಜನೆಯ ವಿಷಯವನ್ನು ಅವರಿಗೆ ತಿಳಿಸುವುದೂ ಒಂದು ಉಪಕಾರವೇ.

ಬರುವ ಭರಣಿಯ ಮೋಡವು ಬೆಟ್ಟದ ಹಿಂದಿನಿಂದ ಏಳುವಾಗ ಅದರಲ್ಲಿರುವ ನೀರೆಷ್ಟೆಂಬುದು ನಮ್ಮ ಕೈಯಲ್ಲಿಲ್ಲ. ಅದರ ಪಂಕ್ತಿಗೆ ಕರೆಯದ ಅತಿಥಿಗಳನ್ನು ಎಬ್ಬಿಸಿ ಕಳುಹಿಸದಿರುವುದು ಮಾತ್ರ ಕೊಂಚಮಟ್ಟಿಗಾದರೂ ನಮ್ಮ ಕೈಯಲ್ಲಿದೆ.